50ನೇ ಕಂತು: ಪುಸ್ತಕ ದಾಟಿಸಿದವರಿಗೆ, ಪದ ಕೊಟ್ಟವರಿಗೆ, ಮಳೆಯ ಸುದ್ದಿ ಮುಟ್ಟಿಸಿದವರಿಗೆ

ಕಾಸರಗೋಡಿನ ನಮ್ಮ ವಿಜ್ಞಾನ ಕಾದಂಬರಿ ಮತ್ತು ಫ್ಯಾಂಟಸಿ ಪುಸ್ತಕ ಕೂಟದ ಪಾಡ್‌ಕಾಸ್ಟ್ ಈ ವಾರ 50ನೇ ಕಂತಿಗೆ ಬಂದು ಮುಟ್ಟಿದೆ. ಕೇಳುವವರ ಕಿವಿಗೆ ಬೀಳುವುದು ಮೂರೇ ದನಿ. ದುಡಿದ ಕೈಗಳು ಎಷ್ಟೋ ಹೆಚ್ಚು. ಹೆಸರು ಹಾಕುವುದು ಬೇಡ ಎಂದು ಹೆಚ್ಚಿನವರು ಹೇಳಿದ್ದಾರೆ, ಹಾಗಾಗಿ ಮಾಡಿದ ಕೆಲಸವನ್ನೇ ಹೆಸರಿಸಿ ವಂದಿಸುತ್ತೇವೆ. ಯಾರು ಏನು ಮಾಡಿದರು, ಅದರಿಂದ ಯಾವ ತೊಡಕು ಬಿಡಿಸಿಹೋಯಿತು ಎಂದು ವಿವರವಾಗಿ ಬರೆದರೆ ನಾಳೆ ಮಂಜೇಶ್ವರದಲ್ಲೋ ಮುಳ್ಳೇರಿಯದಲ್ಲೋ ಇನ್ನೊಂದು ಕೂಟ ಕಟ್ಟುವವರ ಕೈಗೂ ಒದಗೀತು.

ಮೊದಲ ವಂದನೆ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿದವರಿಗೆ. ಪಾಡ್‌ಕಾಸ್ಟ್ ಎಂದ ಕೂಡಲೇ ಎಲ್ಲರೂ ಮೈಕಿನ ಬೆಲೆ ಕೇಳುತ್ತಾರೆ. ಪುಸ್ತಕ ಕೂಟ ನಿಲ್ಲುವುದು ಮೈಕಿನ ಮೇಲಲ್ಲ, ಒಂದೇ ಪುಸ್ತಕವನ್ನು ಒಂದೇ ಅವಧಿಯಲ್ಲಿ ಓದಿ ಮುಗಿಸಿದವರ ಮೇಲೆ. ಮಾತಾಡುವವರು ಮಾತ್ರ ಓದಿ ಕೇಳುವವರು ಓದದೆ ಇದ್ದರೆ ಅದು ಚರ್ಚೆಯಲ್ಲ, ಬರೀ ಪುಸ್ತಕ ಪರಿಚಯ. ಈ ಬಗೆಯ ಪುಸ್ತಕಗಳು ನಮ್ಮ ಪೇಟೆಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಮಂಗಳೂರಿಗೆ ಹೋಗಿ ತರಬೇಕು, ಇಲ್ಲವೇ ಅಂಚೆಯಲ್ಲಿ ತರಿಸಬೇಕು.

ಲೆಕ್ಕ ಹೀಗೆ. ಪುಸ್ತಕದ ಹೆಸರನ್ನು ರೆಕಾರ್ಡಿಂಗ್‌ಗೆ ಎಂಟು ವಾರ ಮೊದಲು ಹೇಳುತ್ತೇವೆ. ಕೂಟದ ಪ್ರತಿಗಳು ಐದು. ಒಬ್ಬರಿಗೆ 14 ದಿನ. 56 ದಿನಗಳಲ್ಲಿ ಒಂದು ಪ್ರತಿ ನಾಲ್ಕು ಮನೆ ನೋಡುತ್ತದೆ, ಐದು ಪ್ರತಿಗೆ 20 ಓದುಗರು. ಆದರೆ ಕೈ ಬದಲಾಗುವಾಗ ಎರಡು ಮೂರು ದಿನ ಹೋಗಿಯೇ ಹೋಗುತ್ತದೆ. ಆ ದಿನಗಳನ್ನು ಉಳಿಸಿಕೊಟ್ಟವರು ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಅಂಗಡಿಯವರು ಮತ್ತು ಗ್ರಂಥಾಲಯದ ಮೇಜಿನಲ್ಲಿ ಕೂರುವವರು. ಓದಿದವರು ತಂದು ಇಟ್ಟರೆ ಮುಂದಿನವರು ಬಂದು ಒಯ್ಯುತ್ತಾರೆ, ಇಬ್ಬರೂ ಒಂದೇ ಹೊತ್ತಿಗೆ ಸೇರಬೇಕೆಂದಿಲ್ಲ. ಜೂನ್ 19ರ ಕೇರಳದ ವಾಚನ ದಿನದಂದು ಕೂಟದ ಪುಸ್ತಕಗಳಿಗೆ ಎದುರಿನ ಸಾಲಿನಲ್ಲೇ ಜಾಗ ಕೊಟ್ಟ ಗ್ರಂಥಾಲಯದವರಿಗೆ ವಿಶೇಷ ವಂದನೆ.

ಈ ಲೆಕ್ಕ 300 ಪುಟದ ಒಳಗಿನ ಪುಸ್ತಕಕ್ಕೆ ಸರಿ. 600 ಪುಟದ ಫ್ಯಾಂಟಸಿಗೆ 14 ದಿನ ಸಾಲುವುದಿಲ್ಲ. ಕೆಲಸಕ್ಕೆ ಹೋಗುವವರು ರಾತ್ರಿ 25 ಪುಟ ಓದಿದರೆ ಹೆಚ್ಚು, 24 ದಿನ ಬೇಕು. ಅಂಥದ್ದನ್ನು ಎರಡು ಕಂತಿಗೆ ಹಂಚಿ, ಮೊದಲ ಕಂತಿನ ಚರ್ಚೆ ಇಂಥ ಅಧ್ಯಾಯದವರೆಗೆ ಮಾತ್ರ ಎಂದು ಮೊದಲೇ ಸಾರಬೇಕು. ಪುಟ ಸಂಖ್ಯೆ ಹೇಳಿದರೆ ಕೆಟ್ಟಿತು. ಒಂದೊಂದು ಮುದ್ರಣದಲ್ಲಿ ಒಂದೊಂದು ಪುಟ, ಫೋನಿನಲ್ಲಿ ಓದುವವರಿಗೆ ಪುಟವೇ ಇಲ್ಲ. ಅಧ್ಯಾಯ, ಮತ್ತೆ ಅಧ್ಯಾಯದ ಕೊನೆಯ ಘಟನೆ, ಇವೆರಡೂ ಬೇಕು.

ಮಳೆಗಾಲದಲ್ಲಿ ಪ್ರತಿಗಳನ್ನು ಕಾಪಾಡಿದ ಬಗೆಯನ್ನೂ ಹೇಳಬೇಕು. ಪುಸ್ತಕವನ್ನು ನೇರ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಬಾಯಿ ಕಟ್ಟಿದರೆ ಹೊರಗಿನ ನೀರು ಬರುವುದಿಲ್ಲ ನಿಜ, ಕಾಗದ ಮೊದಲೇ ಹೀರಿಕೊಂಡ ತೇವ ಮಾತ್ರ ಒಳಗೇ ಉಳಿಯುತ್ತದೆ. ವಾರದೊಳಗೆ ಬೆನ್ನಿನ ಬದಿಯಲ್ಲಿ ಬೂಷ್ಟು. ಮೊದಲು ಪೇಪರಿನಲ್ಲಿ ಸುತ್ತಬೇಕು, ಮೇಲೆ ಪ್ಲಾಸ್ಟಿಕ್, ಮನೆಗೆ ಮುಟ್ಟಿದ ಕೂಡಲೇ ಎರಡನ್ನೂ ಬಿಚ್ಚಿ ಗಾಳಿಗೆ ಇಡಬೇಕು. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬಾರದು, ನಮ್ಮ ಸೆಕೆಗೆ ಅದರ ಅಂಟು ಕರಗಿ ಪಕ್ಕದ ಹಾಳೆಗೂ ಹಿಡಿಯುತ್ತದೆ. ತೆಳು ಕಾಗದ, ಮೈದಾ ಅಂಟು ಸಾಕು. ಇದನ್ನು ತೋರಿಸಿಕೊಟ್ಟು ಐದೂ ಪ್ರತಿಗಳ ಬೆನ್ನು ಹೊಲಿದುಕೊಟ್ಟ ಬೈಂಡಿಂಗ್‌ನವರಿಗೆ ನಾವು ಋಣಿಗಳು.

ಎರಡನೆಯ ವಂದನೆ ಪದ ಕೊಟ್ಟವರಿಗೆ. ಇಲ್ಲಿ ಒಂದೇ ಪುಸ್ತಕವನ್ನು ಒಬ್ಬರು ಕನ್ನಡದಲ್ಲಿ, ಒಬ್ಬರು ಇಂಗ್ಲಿಷಿನಲ್ಲಿ, ಇನ್ನೊಬ್ಬರು ಮಲಯಾಳದಲ್ಲಿ ಓದಿ ಬರುತ್ತಾರೆ. ಚರ್ಚೆಯಲ್ಲಿ ಅದೇ ಪಾತ್ರಕ್ಕೆ ಮೂರು ಹೆಸರು ಹುಟ್ಟುತ್ತದೆ. ಮಲಯಾಳದಲ್ಲಿ ಇಂಗ್ಲಿಷ್ ಹೆಸರಿನ ‘ಟ’ದಂಥ ಉಚ್ಚಾರವನ್ನು ಬರೆಯುವುದು ನಮ್ಮ ಹಳೆಯ ‘ಱ’ಕ್ಕೆ ಸಮನಾದ ಅಕ್ಷರವನ್ನು ಒತ್ತಾಗಿ ಇಟ್ಟು. ಲಿಪಿ ಮಾತ್ರ ಕಲಿತವರು ಅದನ್ನು ‘ರ್ರ’ ಎಂದೇ ಓದಿಬಿಡುತ್ತಾರೆ, ಪೀಟರ್ ಎಂಬವನು ಪೀರ್ರರ್ ಆಗುತ್ತಾನೆ. ಎರಡೂ ಭಾಷೆ ಬಲ್ಲ ಶಿಕ್ಷಕರು ಪ್ರತಿ ಪುಸ್ತಕಕ್ಕೂ ಒಂದು ಹಾಳೆ ಮಾಡಿಕೊಟ್ಟರು: ಪಾತ್ರ, ಊರು, ಗ್ರಹ, ಯಂತ್ರಗಳ ಹೆಸರು ಕನ್ನಡದಲ್ಲಿ, ಉಸಿರು ತೆಗೆಯುವ ಕಡೆ ಅಡ್ಡಗೀಟು. ಒಂದು ಉಚ್ಚಾರ ಒಪ್ಪಿಕೊಂಡ ಮೇಲೆ ಮೂವರೂ ಅದನ್ನೇ ಹೇಳಬೇಕು. ಕಿವಿಯಿಂದ ಮಾತ್ರ ಕೇಳುವವರಿಗೆ ಬೇರೆ ಉಚ್ಚಾರ ಎಂದರೆ ಬೇರೆ ಪಾತ್ರ.

ವಿಜ್ಞಾನದ ಪದಗಳಲ್ಲಿ ‘ಜ್ಯೋತಿರ್ವರ್ಷ’ ಹೆಚ್ಚು ತೊಡಕು ಕೊಟ್ಟಿತು. ಪದದಲ್ಲಿ ವರ್ಷ ಇರುವುದರಿಂದ ಕೇಳುವವರು ಅದನ್ನು ಕಾಲದ ಅಳತೆ ಎಂದುಕೊಳ್ಳುತ್ತಾರೆ. ಅದು ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಭೌತಶಾಸ್ತ್ರ ಕಲಿಸುವ ಕೇಳುಗರೊಬ್ಬರು ಇದಕ್ಕೆ ಒಳ್ಳೆಯ ದಾರಿ ಹೇಳಿದರು: ಪದ ಬಂದಾಗಲೆಲ್ಲ ಜೊತೆಗೆ ಒಂದು ಪ್ರಯಾಣ ಹೇಳಿ. ಸೂರ್ಯನ ನಂತರ ನಮಗೆ ಹತ್ತಿರದ ನಕ್ಷತ್ರ ಸುಮಾರು 4.2 ಜ್ಯೋತಿರ್ವರ್ಷ ದೂರ. ಸೆಕೆಂಡಿಗೆ 17 ಕಿಲೋಮೀಟರ್ ಓಡುವ ವಾಯೇಜರ್ 1 ಗಗನನೌಕೆಯ ವೇಗದಲ್ಲಿ ಹೊರಟರೆ ಅಷ್ಟು ದೂರಕ್ಕೆ ಸುಮಾರು 75 ಸಾವಿರ ವರ್ಷ ಬೇಕು. ಇದನ್ನು ಕೇಳಿದ ಮೇಲೆ ಕಾದಂಬರಿಯ ನೌಕೆಯಲ್ಲಿ ತಲೆಮಾರುಗಳೇ ಏಕೆ ಹುಟ್ಟಿ ಸಾಯುತ್ತವೆ ಎಂದು ಬೇರೆ ವಿವರಿಸಬೇಕಾಗಿಲ್ಲ. ಮಂಗಳನಿಂದ ಭೂಮಿಗೆ ಮಾತು ತಲುಪಲು 3ರಿಂದ 22 ನಿಮಿಷ ಹಿಡಿಯುತ್ತದೆ ಎಂಬ ಲೆಕ್ಕವೂ ಅವರದ್ದೇ. ಅದನ್ನು ಹಿಡಿದು ನೋಡಿದರೆ ಎಷ್ಟೋ ಕಥೆಗಳ ಸಂಭಾಷಣೆ ನಂಬುವಂತಿರುವುದಿಲ್ಲ.

ಫ್ಯಾಂಟಸಿಗೆ ನಮ್ಮ ನಾಡೇ ದಾರಿ ತೋರಿಸಿತು. ಯಕ್ಷಗಾನ ಕವಿ ಕುಂಬಳೆಯ ಪಾರ್ತಿಸುಬ್ಬನ ಸೀಮೆಯಲ್ಲಿ ಮಾಯೆ, ವರ, ಶಾಪ ಯಾರಿಗೂ ಹೊಸತಲ್ಲ. ಮಾಂತ್ರಿಕ ಲೋಕಕ್ಕೂ ನಿಯಮ ಇರಬೇಕು ಎಂಬುದನ್ನು ವಿವರಿಸಲು ನಾವು ಹೆಣಗುತ್ತಿದ್ದಾಗ ತಾಳಮದ್ದಳೆಯಲ್ಲಿ (ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಅರ್ಥ ಹೇಳುವ ಹಿರಿಯರು ಹಿರಣ್ಯಕಶಿಪುವಿನ ವರವನ್ನು ನೆನಪಿಸಿದರು. ಮನುಷ್ಯನಿಂದಲ್ಲ, ಮೃಗದಿಂದಲ್ಲ, ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ. ಕೊಟ್ಟ ವರ ಸುಳ್ಳಾಗಲಿಲ್ಲ, ಷರತ್ತುಗಳ ನಡುವಿನ ಸಂದಿಯಲ್ಲೇ ಹೊಸ್ತಿಲು, ಮುಸ್ಸಂಜೆ, ಉಗುರು ಬಂದವು. ಅಂದಿನಿಂದ ಪ್ರತಿ ಫ್ಯಾಂಟಸಿಗೂ ನಾವು ಕೇಳುವ ಪ್ರಶ್ನೆ ಇದು: ಇಲ್ಲಿ ವರದ ಷರತ್ತು ಏನು, ಲೇಖಕರು ಕೊನೆಯ ತನಕ ಅದಕ್ಕೆ ಕಟ್ಟುಬಿದ್ದಿದ್ದಾರೆಯೇ? ಕೂಟಕ್ಕೆ ಸಿಕ್ಕ ದೊಡ್ಡ ಕಾಣಿಕೆ ಇದೇ ಎಂದು ನಮ್ಮ ನಂಬಿಕೆ.

ಚರ್ಚೆಯ ಕಟ್ಟನ್ನು ಕಲಿತದ್ದೂ ಅವರಿಂದ. ತಾಳಮದ್ದಳೆಯಲ್ಲಿ ಪದ್ಯ ನಿಶ್ಚಿತ, ಅರ್ಥ ಆಶು. ಭಾಗವತರು ಹಾಡಿದ್ದನ್ನೇ ಅರ್ಥಧಾರಿ ಮತ್ತೆ ಒಪ್ಪಿಸಿದರೆ ಸಭೆ ಆಕಳಿಸುತ್ತದೆ. ಹಾಗೆಯೇ ನಮ್ಮಲ್ಲಿ ಕಥೆಯ ಸಾರಾಂಶ ಹೇಳುವುದು ಕಂತು ನಡೆಸಿಕೊಡುವವರ ಪಾಲು, ನಾಲ್ಕು ನಿಮಿಷ, ಬರೆದು ಓದುವುದು. ಉಳಿದಿಬ್ಬರು ಕಥೆ ಹೇಳುವಂತಿಲ್ಲ. ಅವರ ಕೈಯಲ್ಲಿ ಐದು ಪ್ರಶ್ನೆಗಳ ಒಂದು ಹಾಳೆ, ಉತ್ತರ ಬರೆದಿಟ್ಟುಕೊಳ್ಳುವಂತಿಲ್ಲ. ಕಥೆಯ ಗುಟ್ಟು ಬಿಟ್ಟುಕೊಡುವ ಮೊದಲು ಚಕ್ರತಾಳದ ಎರಡು ಪೆಟ್ಟು ಕೇಳಿಸುತ್ತೇವೆ, ಪುಸ್ತಕ ಮುಗಿಸದವರು ಅಲ್ಲಿಗೆ ನಿಲ್ಲಿಸಬಹುದು. ಕಂಚಿನ ನಾದ ಮಾತಿಗಿಂತ ಎಷ್ಟೋ ಹರಿತ. ಇಯರ್‌ಫೋನಿನಲ್ಲಿ ಕೇಳುವವರು ಕಿವಿ ನೋಯುತ್ತದೆ ಎಂದು ತಿಳಿಸಿದ ಮೇಲೆ ಅದನ್ನು ಮಾತಿಗಿಂತ 6 ಡೆಸಿಬೆಲ್ ಇಳಿಸಿದ್ದೇವೆ. ತಿಳಿಸಿದವರಿಗೆ ವಂದನೆ, ನೊಂದವರಿಗೆ ಕ್ಷಮೆ.

ಇನ್ನು ಸದ್ದಿನ ಸಂಗತಿ. ಶೀಟಿನ ಮಾಡಿನ ಮೇಲೆ ಮಳೆ ಬಿದ್ದರೆ ಯಾವ ಮೈಕೂ ಉಳಿಸುವುದಿಲ್ಲ. ಫ್ಯಾನಿನ ಗುಂಯ್ ಒಂದೇ ತೆರನಾಗಿರುತ್ತದೆ, ಅದನ್ನು ಸಾಫ್ಟ್‌ವೇರಿನಲ್ಲಿ ತಗ್ಗಿಸಬಹುದು. ಮಳೆಯ ಸದ್ದು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ, ಎಲ್ಲ ಕಂಪನಾಂಕಗಳಲ್ಲೂ ಹರಡಿಕೊಂಡಿರುತ್ತದೆ. ಹಿಂದೆ ಬಿದ್ದು ತೆಗೆಯಹೊರಟರೆ ‘ಸ’, ‘ಶ’, ‘ಷ’ ಮೂರೂ ಸವೆದು ನೀರೊಳಗಿಂದ ಮಾತಾಡಿದ ಹಾಗೆ ಕೇಳುತ್ತದೆ. 6ರಿಂದ 9 ಡೆಸಿಬೆಲ್‌ಗಿಂತ ಹೆಚ್ಚು ತಗ್ಗಿಸಲೇಬಾರದು ಎಂಬುದು ನಮ್ಮ ಅಭಿಪ್ರಾಯ. ರಾತ್ರಿಯ ಜೀರುಂಡೆಯೂ ಹಾಗೆಯೇ, ಅದರ ಸದ್ದು ಸಕಾರ ಶಕಾರ ಇರುವ ಎತ್ತರದಲ್ಲೇ ಕೂತಿರುತ್ತದೆ. ಆದ್ದರಿಂದ ರೆಕಾರ್ಡಿಂಗ್‌ಗೆ ನಡು ಹಗಲೇ ವಾಸಿ.

ಜೂನ್ ಜುಲೈಯಲ್ಲಿ ಮಳೆ ಕಡಲಿನಿಂದ ಏರಿ ಬರುತ್ತದೆ. ಕುಂಬಳೆ, ಉಪ್ಪಳ ಬದಿಯ ಕೇಳುಗರು ‘ಇಲ್ಲಿ ಹಿಡಿಯಿತು’ ಎಂದು ಸಂದೇಶ ಹಾಕಿದರೆ ಒಳನಾಡಿನಲ್ಲಿ ಕೂತವರಿಗೆ ನಡೆಯುತ್ತಿರುವ ಪ್ರಶ್ನೆ ಮುಗಿಸಿ ನಿಲ್ಲಿಸಲು ಹೊತ್ತು ಸಿಗುತ್ತದೆ. ತುಲಾ ತಿಂಗಳ (ಅಕ್ಟೋಬರ್ ನವೆಂಬರ್) ಮಳೆ ತಿರುಗುಮುರುಗು, ಸಂಜೆ ಘಟ್ಟದ ಕಡೆಯಿಂದ ಗುಡುಗಿಕೊಂಡು ಇಳಿಯುತ್ತದೆ. ಆಗ ಸುದ್ದಿ ಕೊಟ್ಟವರು ಮೂಡು ದಿಕ್ಕಿನವರು. ಸಿಡಿಲು ಶುರುವಾಗುವ ಮೊದಲೇ ಪ್ಲಗ್ ಎಳೆದು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲೇ ನಡೆಸಬೇಕು. ಅದರಿಂದ ಇನ್ನೊಂದು ಲಾಭವೂ ಉಂಟು: ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಕರೆಂಟಿನ 50 ಹರ್ಟ್ಸ್ ಹಮ್ಮು ತಟ್ಟನೆ ಮಾಯ.

ಚಾವಡಿಯ ಒಳಕೋಣೆ ಬಿಟ್ಟುಕೊಟ್ಟ ಮನೆಯವರಿಗೆ ಎಷ್ಟು ಹೇಳಿದರೂ ಕಡಿಮೆ. ಮುರಕಲ್ಲಿನ ಗೋಡೆಗೆ ಗಾರೆ ಮಾಡಿ ಪೈಂಟ್ ಹೊಡೆದ ಕೋಣೆ ಖಾಲಿ ಕೊಡದ ಹಾಗೆ ಅನುರಣಿಸುತ್ತದೆ. ಅವರು ಹಾಸಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು, ಮೇಜಿನ ಮೇಲೆ ಮಡಚಿದ ಕಂಬಳಿ ಹಾಸಿದರು, ಸೀರೆ ತುಂಬಿದ ಕಪಾಟಿನ ಬಾಗಿಲು ತೆರೆದಿಟ್ಟರು. ಚಪ್ಪಾಳೆ ತಟ್ಟಿ ನೋಡಿದರೆ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ: ಮೊದಲು ‘ಟಣ್’, ಆಮೇಲೆ ಬರೀ ‘ಟಪ್’. ಫ್ಯಾನು ಹಾಕುವಂತಿಲ್ಲ, ಆದ್ದರಿಂದ 25 ನಿಮಿಷಕ್ಕೊಮ್ಮೆ ವಿರಾಮ. ಆ ಹೊತ್ತಿನಲ್ಲಿ ಬಂದ ಪುನರ್ಪುಳಿ ಶರಬತ್ತಿಗೂ ವಂದನೆ.

ಮೈಕು ಬಾಯಿಯಿಂದ ಅರ್ಧ ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಓರೆಗೆ. ‘ಭಾಗವತರು ಪ್ರಸಂಗದ ಪದ ಹಾಡಿದರು’ ಎಂದು ಹೇಳಿ ಪರೀಕ್ಷಿಸಿ. ‘ಭ’ ಮತ್ತು ‘ಪ್ರ’ದ ಗಾಳಿ ಮೈಕಿಗೆ ಬಡಿದು ‘ಡಬ್’ ಎಂದರೆ ಇನ್ನಷ್ಟು ಓರೆ ಮಾಡಬೇಕು. ಪಕ್ಕದವರ ಮೈಕು ಇದರ ಮೂರು ಪಟ್ಟು ದೂರದಲ್ಲಿರಲಿ, ಇಲ್ಲದಿದ್ದರೆ ಒಬ್ಬರ ದನಿ ಎರಡು ಮೈಕಿಗೂ ಬಿದ್ದು ಟೊಳ್ಳಾಗುತ್ತದೆ. ಗಟ್ಟಿಯಾಗಿ ನಕ್ಕಾಗಲೂ ರೆಕಾರ್ಡಿಂಗ್ ಮಟ್ಟ ಮೈನಸ್ 6 ಡೆಸಿಬೆಲ್ ದಾಟಬಾರದು. ಬೇರೆ ಬೇರೆ ಊರಿನಿಂದ ಸೇರುವವರು ಫೋನಿನ ಕರೆಯನ್ನು ರೆಕಾರ್ಡ್ ಮಾಡುವ ಬದಲು ತಮ್ಮ ತಮ್ಮ ಕಡೆ ಪ್ರತ್ಯೇಕ ಫೈಲ್ ಮಾಡಿಕೊಳ್ಳಲಿ, ಆರಂಭದಲ್ಲೂ ಕೊನೆಯಲ್ಲೂ ಒಂದೊಂದು ಚಪ್ಪಾಳೆ. ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಶುರುವಿನಲ್ಲಿ ಹೊಂದಿಸಿದ್ದು ಗಂಟೆಯ ಕೊನೆಗೆ ಜಾರಿರುತ್ತದೆ, ಎರಡನೆಯ ಚಪ್ಪಾಳೆ ಅದನ್ನು ತೋರಿಸಿಕೊಡುತ್ತದೆ.

ಗುಡ್ಡದ ಬದಿಯ ಕೇಳುಗರು ನೆಟ್‌ವರ್ಕ್ ಸಾಲದು, ಫೈಲ್ ಚಿಕ್ಕದು ಮಾಡಿ ಎಂದು ಕೇಳಿದರು. ಮಾತಿಗೆ ಸ್ಟೀರಿಯೋ ಬೇಕಿಲ್ಲ. 64 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಮೋನೋ ಆದರೆ ಗಂಟೆಗೆ ಸುಮಾರು 29 ಎಂಬಿ, 128ಕ್ಕೆ ಅದರ ಇಮ್ಮಡಿ. ಮೋನೋಗೆ ಗಟ್ಟಿತನ ಮೈನಸ್ 19 ಲಫ್ಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ). ಬಸ್ಸಿನಲ್ಲಿ ಕೇಳುವವರಿಗೂ ಇದು ಸಾಕಾಗುತ್ತದೆ.

ಹಕ್ಕುಗಳ ವಿಷಯದಲ್ಲಿ ಕಾನೂನು ಬಲ್ಲವರು ಎಚ್ಚರಿಸಿದ್ದು ದೊಡ್ಡ ಉಪಕಾರ. ವಿಮರ್ಶೆಗೆ ಬೇಕಾದಷ್ಟು ಸಾಲುಗಳನ್ನು ಓದಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಅವಕಾಶ ಕೊಡುತ್ತದೆ, ಇಡೀ ಅಧ್ಯಾಯ ಓದಲು ಕೊಡುವುದಿಲ್ಲ. ಕೃತಿಸ್ವಾಮ್ಯದ ಅವಧಿಗೆ ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಎಣಿಸಬೇಕು. 1946ರಲ್ಲಿ ತೀರಿಕೊಂಡ ಎಚ್.ಜಿ. ವೆಲ್ಸ್ ಬರೆದದ್ದು 2007ರಿಂದ ಇಲ್ಲಿ ಮುಕ್ತ. ಆದರೆ ಅದರ ಕನ್ನಡ ಅನುವಾದ ಅನುವಾದಕರದ್ದು, ಅದಕ್ಕೆ ಬೇರೆ ಲೆಕ್ಕ. ಕೇಳಿದ ಕೂಡಲೇ ಒಪ್ಪಿಗೆ ಬರೆದುಕೊಟ್ಟ ಅನುವಾದಕರಿಗೆಲ್ಲ ನಮಸ್ಕಾರ.

ತಪ್ಪು ತೋರಿಸಿದವರನ್ನು ಮರೆಯುವಂತಿಲ್ಲ. ತಿದ್ದುಪಡಿಯನ್ನು ಮುಂದಿನ ಕಂತಿನ ಮೊದಲ ನಿಮಿಷದಲ್ಲೇ ಓದುತ್ತೇವೆ, ಕೊನೆಗೆ ಇಟ್ಟರೆ ಅಲ್ಲಿಯವರೆಗೆ ಎಲ್ಲರೂ ಕೇಳುವುದಿಲ್ಲ. ಹಳೆಯ ಫೈಲನ್ನೂ ಬದಲಿಸುತ್ತೇವೆ. ಆಗ ಫೀಡಿನಲ್ಲಿ (ಕಂತುಗಳನ್ನು ಫೋನಿಗೆ ತಲುಪಿಸುವ ಪಟ್ಟಿ) ಕಂತಿನ ಗುರುತಿನ ಸಂಖ್ಯೆಯನ್ನು ಮಾತ್ರ ಮುಟ್ಟಬಾರದು, ಅದು ಬದಲಾದರೆ ಎಲ್ಲರ ಫೋನಿಗೂ ಅದೇ ಕಂತು ಹೊಸತೆಂದು ಮತ್ತೆ ಬಂದು ಬೀಳುತ್ತದೆ.

ಕಿವಿ ಕೇಳದ ಓದುಗರಿಗಾಗಿ ಕಂತುಗಳನ್ನು ಬರಹಕ್ಕೆ ಇಳಿಸುತ್ತಿರುವ ಕಾಲೇಜು ಮಕ್ಕಳಿಗೆ ಮನಸಾರೆ ವಂದನೆ. ಒಂದು ಗಂಟೆಯ ಮಾತಿಗೆ ಐದಾರು ಗಂಟೆಯ ಕೆಲಸ. ಯಂತ್ರ ಬರೆದುಕೊಟ್ಟದ್ದರಲ್ಲಿ ನಡುವೆ ಬಂದ ತುಳು, ಹವ್ಯಕ ಮಾತುಗಳೆಲ್ಲ ಚಿಂದಿಯಾಗಿರುತ್ತವೆ, ಅವನ್ನು ಒಂದೊಂದಾಗಿ ಕೇಳಿ ತಿದ್ದುವವರು ಇವರೇ.

51ನೇ ಕಂತಿನ ಪುಸ್ತಕದ ಪ್ರತಿಗಳು ಬಂದಿವೆ, 280 ಪುಟ, ಒಬ್ಬರಿಗೆ 14 ದಿನ. ಮೊದಲ ಹಾಳೆಗೆ ಚೀಟಿ ಅಂಟಿಸಿದ್ದೇವೆ: ಹೆಸರು, ಪಡೆದ ದಿನ, ಕೊಟ್ಟ ದಿನ, ನಾಲ್ಕು ಸಾಲು. ಮೈದಾ ಅಂಟು ಇನ್ನೂ ಪೂರ್ತಿ ಒಣಗಿಲ್ಲ. ಸೋಮವಾರದಿಂದ ಬದಿಯಡ್ಕದ ಗ್ರಂಥಾಲಯದ ಮೇಜಿನಲ್ಲಿ ಸಿಗುತ್ತವೆ. ಬರುವಾಗ ಸುತ್ತಲು ಒಂದು ಹಳೆಯ ಪೇಪರ್ ತನ್ನಿ.