ಒಂಬತ್ತು ನಿಮಿಷಕ್ಕೊಂದು ಗುಟುಕು

ರಾಮತ್ ಗಾನ್, ಇಸ್ರೇಲ್, ಅಕ್ಟೋಬರ್ 3, 2025

ಪುಟ್ಟಿ,

ಅಜ್ಜಿಯ ಕೊನೆಗಾಲಕ್ಕೆ ನಾನು ಬರಲಿಲ್ಲ ಅಂತ ಮೊನ್ನೆ ಫೋನಿನಲ್ಲಿ ನೀನು ಅಂದದ್ದನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ. ಸಿಟ್ಟು ಬಂತು. ಇಷ್ಟು ನೇರ ಮಾತಾಡುವಷ್ಟು ದೊಡ್ಡವಳಾದೆಯಲ್ಲ ಅಂತ ಹೆಮ್ಮೆಯೂ ಆಯ್ತು.

ನಿನ್ನೆ ನಿಮಗೆ ವಿಜಯದಶಮಿ, ಇಲ್ಲಿ ಯೋಮ್ ಕಿಪ್ಪುರ್, ಯೆಹೂದಿಗಳ ಪ್ರಾಯಶ್ಚಿತ್ತದ ಉಪವಾಸದ ದಿನ. ವಿಮಾನ ಇಲ್ಲ, ಬಸ್ಸಿಲ್ಲ, ಟಿವಿಯೂ ಬಂದ್. ಖಾಲಿ ಹೆದ್ದಾರಿಯಲ್ಲಿ ಮಕ್ಕಳ ಸೈಕಲ್. 25 ಗಂಟೆ ಅನ್ನವೂ ಇಲ್ಲ, ನೀರೂ ಇಲ್ಲ.

ನಾನು ನೋಡಿಕೊಳ್ಳುವ ಸಾವ್ತಾಗೆ (ಇಲ್ಲಿ ಅಜ್ಜಿಗೆ ಹಾಗನ್ನುತ್ತಾರೆ) ತೊಂಬತ್ತು ದಾಟಿದೆ. ಉಪವಾಸ ಬೇಡ ಅಂತ ಡಾಕ್ಟರ್ ಹೇಳಿದ್ದರು, ಇವರ ಧರ್ಮಗುರು ರಬ್ಬಿಯೂ ಹೇಳಿದ್ದರು. ಕೇಳಬೇಕಲ್ಲ! 1973ರಲ್ಲಿ ಇದೇ ದಿನ ಸೈರನ್ ಕೂಗಿ ಯುದ್ಧ ಶುರುವಾದಾಗಲೂ ಬಿಡಲಿಲ್ಲವಂತೆ. ಕಾಯಿಲೆಯವರಿಗೆ ಒಂದು ದಾರಿ ಇದೆ. ಸುಮಾರು 30 ಮಿಲಿ ನೀರು, ಒಂಬತ್ತು ನಿಮಿಷ ಬಿಟ್ಟು ಮತ್ತೆ ಅಷ್ಟೇ. ಹಾಗೆ ಕುಡಿದರೆ ಉಪವಾಸ ಪೂರ್ತಿ ಮುರಿದಂತಲ್ಲ ಎಂಬುದು ಇವರ ಲೆಕ್ಕ. ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ ಅಳೆದು ಹಿಡಿದೆ. ತುಟಿ ಬಿಗಿದು ಗೋಡೆಗೆ ಮುಖ ತಿರುಗಿಸಿದರು. ತುಟಿ ಒಡೆದು ಬಿಳಿ ಸಿಪ್ಪೆ ಎದ್ದಿತ್ತು. ಗಡಿಯಾರ ನೋಡಿದೆ, ಮತ್ತೆ ಹಿಡಿದೆ. ಮಧ್ಯಾಹ್ನದ ಮೇಲೆ ಕೈ ತಣ್ಣಗಾದ ಹಾಗೆ ಅನಿಸಿ ನನ್ನ ಜೀವವೇ ಬಾಯಿಗೆ ಬಂತು. ಕೊನೆಗೆ ನನ್ನನ್ನೇ ದಿಟ್ಟಿಸಿ ಒಂದು ಗುಟುಕು ನುಂಗಿದರು. ಮತ್ತೆ ಒಂಬತ್ತು ನಿಮಿಷ. ನಮ್ಮ ಅಜ್ಜಿಗೆ ಕೊನೆಯ ನೀರು ಬಿಟ್ಟವಳು ನೀನು. ಯಾವ ಲೋಟದಲ್ಲಿ ಕೊಟ್ಟೆ? ನುಂಗಿದರಾ? ಇದನ್ನು ನಿನ್ನ ಹತ್ತಿರ ಕೇಳುವ ಧೈರ್ಯ ನನಗೆ ಈವರೆಗೆ ಬಂದಿಲ್ಲ.

ಹಿಂದಿನ ದಿನ ಸಾವ್ತಾ ನನ್ನನ್ನು ಕರೆದು, ವರ್ಷವಿಡೀ ಬೈದದ್ದಕ್ಕೆ ಕ್ಷಮೆ ಕೇಳಿದರು. ಮನುಷ್ಯರಿಗೆ ಮಾಡಿದ ತಪ್ಪನ್ನು ಆ ಮನುಷ್ಯರೇ ಮನ್ನಿಸಬೇಕು, ಅಲ್ಲಿಯವರೆಗೆ ಈ ಉಪವಾಸದಿಂದಲೂ ಅದು ಕಳೆಯುವುದಿಲ್ಲ ಅಂತ ಇವರ ನಂಬಿಕೆ. ನೀನೂ ದೊಡ್ಡಮ್ಮನ ಹತ್ತಿರ ಮಾತು ಬಿಟ್ಟಿದ್ದೀಯಂತೆ. ಹಿರಿಯರು, ಒಂದು ಮಾತು ಸೋತರೆ ನಿನ್ನ ಗಂಟೇನು ಹೋಗುತ್ತದೆ? ಸಿಟ್ಟನ್ನು ಹೊಟ್ಟೆಯ ಮೇಲೂ ತೀರಿಸಬೇಡ. ತಿಂಡಿ ಬಿಟ್ಟು ಕಾಲೇಜಿಗೆ ಓಡುವುದು, ರಾತ್ರಿಯಿಡೀ ಮೊಬೈಲ್ ಹಿಡಿಯುವುದು, ಇದೆಲ್ಲ ಜಾಸ್ತಿ ದಿನ ನಡೆಯುವುದಿಲ್ಲ. ಬೈಯಬಾರದು ಅಂದುಕೊಂಡೇ ಕೂತದ್ದು, ಆಗಲಿಲ್ಲ.

ಅಜ್ಜಿ ಹೋದಾಗ ರಜೆ ಕೇಳಿದ್ದೆ, ಕೊಡಲಿಲ್ಲ. ಬಿಟ್ಟು ಬಂದಿದ್ದರೆ ಕೆಲಸ ಹೋಗುತ್ತಿತ್ತು, ನಿನ್ನ ಫೀಸೂ. ನೆಪ ಅಂತೀಯಾ? ಸ್ವಲ್ಪ ನೆಪವೂ ಹೌದು. ಕ್ಷಮಿಸು ಮಗಾ.

ಸಾವ್ತಾ ಚೆನ್ನಾಗಿದ್ದಾರೆ. ರಾತ್ರಿ ಟೀ ಕುಡಿದು ಸಕ್ಕರೆ ಕಮ್ಮಿ ಅಂತ ಜಗಳಕ್ಕೇ ಬಂದರು. ಅಜ್ಜಿಯ ವರ್ಷದ ಕಾರ್ಯಕ್ಕೆ ದಿನ ಗೊತ್ತಾದ ಕೂಡಲೇ ತಿಳಿಸು, ರಜೆ ಈಗಲೇ ಕೇಳಿಡುತ್ತೇನೆ. ಭಾನುವಾರ ಫೋನ್ ಮಾಡ್ತೇನೆ, ಎತ್ತು.

ಅಮ್ಮ