ಈಜುಕೊಳಕ್ಕೂ ಸುರಕ್ಷತಾ ಪ್ರಮಾಣಪತ್ರ ಬೇಕು

ಮಾನ್ಯರೇ,

ದಾವಣಗೆರೆಯ ವಸತಿ ಸಮುಚ್ಚಯಗಳಲ್ಲೂ ಹೊರವಲಯದ ರೆಸಾರ್ಟ್‌ಗಳಲ್ಲೂ ಈಜುಕೊಳಗಳು ಹೆಚ್ಚುತ್ತಿದ್ದರೂ, ನಾನು ಕಂಡ ಒಂದೆರಡು ಕಡೆ ಗೇಟು ಮುಚ್ಚಿಕೊಳ್ಳದಂತೆ ಅದಕ್ಕೆ ದಾರ ಕಟ್ಟಿದ್ದರು. ‘ಮಕ್ಕಳಿಗೆ ಪ್ರವೇಶವಿಲ್ಲ’ ಎಂಬ ಫಲಕವೇನೋ ಇತ್ತು. ಮೂರು ವರ್ಷದ ಮಗು ಅದನ್ನು ಓದೀತೇ? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಸ್ವಂತ ಈಜುಕೊಳವಿರುವ ಮನೆಯನ್ನು ಬಾಡಿಗೆಗೆ ಕೊಡಬೇಕಾದರೆ, ತಪಾಸಣೆಯ ನಂತರ ನೀಡುವ, 3 ವರ್ಷಗಳ ಅವಧಿಯ ಪ್ರಮಾಣಪತ್ರ ಮಾಲೀಕರ ಬಳಿ ಇರಬೇಕು. ಬೇಲಿ ಸಾಮಾನ್ಯವಾಗಿ ಕನಿಷ್ಠ 1.2 ಮೀಟರ್ ಎತ್ತರವಿದ್ದು, ಗೇಟು ತಾನಾಗಿಯೇ ಮುಚ್ಚಿ ಚಿಲಕ ಬೀಳಬೇಕು. ಲಿಫ್ಟಿಗೆ ಪರವಾನಗಿ ಕೇಳುವ ನಾವು ಕೊಳವನ್ನು ಮಾಲೀಕರ ಮರ್ಜಿಗೆ ಬಿಡುವುದು ಸರಿಯಲ್ಲ. ಬೇಸಿಗೆ ರಜೆಗೆ ಮುನ್ನವೇ ಮಹಾನಗರ ಪಾಲಿಕೆಯು ತನ್ನ ವ್ಯಾಪ್ತಿಯ ಈಜುಕೊಳಗಳ ಬೇಲಿ, ಚಿಲಕ, ಆಳದ ಗುರುತು ಹಾಗೂ ಮುಳುಗುವವರಿಗೆ ಎಸೆಯುವ ಜೀವರಕ್ಷಕ ಬಳೆಗಳನ್ನು (ಲೈಫ್‌ಬಾಯ್) ಪರಿಶೀಲಿಸಿ, ತಪಾಸಣೆಯ ದಿನಾಂಕವುಳ್ಳ ಪತ್ರವನ್ನು ಗೇಟಿನಲ್ಲೇ ಅಂಟಿಸುವಂತೆ ಆದೇಶಿಸಬೇಕು.

– ಓರ್ವ ನಿವಾಸಿ, ವಿದ್ಯಾನಗರ, ದಾವಣಗೆರೆ