ಮೆಟ್ರೊ ಸುರಂಗದಲ್ಲಿ ಕಂಡವರ ಬಗ್ಗೆ: ಕಿರಿಯ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಮಿತ್ರರೇ,

ನೀವು ಕಳಿಸಿದ ಬರಹವನ್ನು ಓದಿದೆ. ಮೆಟ್ರೊದಲ್ಲಿ ಎದುರಿಗೆ ಕುಳಿತಿದ್ದ ಹೆಂಗಸಿನ ಕಣ್ಣುಗಳಲ್ಲಿ ‘ಹೇಳಿಕೊಳ್ಳಲಾಗದ ನೋವು’ ಇತ್ತೆಂದು ಬರೆದಿದ್ದೀರಿ. ಎಂ.ಜಿ. ರಸ್ತೆಯಿಂದ ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಆ ನೋವು ನಿಮಗೆ ತಿಳಿದದ್ದಾದರೂ ಹೇಗೆ? ಆಕೆಯ ಕೈಗಳು ಏನು ಮಾಡುತ್ತಿದ್ದವು ಎಂಬುದು ಮಾತ್ರ ಬರಹದಲ್ಲಿ ಎಲ್ಲಿಯೂ ಇಲ್ಲ.

ಎಂ.ಜಿ. ರಸ್ತೆ ಬಿಟ್ಟ ರೈಲು ಕಬ್ಬನ್ ಪಾರ್ಕ್ ಕಡೆಗೆ ಇಳಿದು ನೆಲದೊಳಗೆ ಹೊಕ್ಕೊಡನೆ ಕಿಟಕಿಯ ಗಾಜು ಕನ್ನಡಿಯಾಗುತ್ತದೆ. 2016ರಲ್ಲಿ ಈ ಸುರಂಗಮಾರ್ಗ ತೆರೆದಾಗ ಬೆಂಗಳೂರಿನ ಬರಹಗಾರರಿಗೆ ಸಿಕ್ಕ ಲಾಭವೆಂದರೆ ಇದೇ. ಸಿಟಿ ಬಸ್ಸಿನಲ್ಲಿ ಹೆಚ್ಚಾಗಿ ಮುಂದಿನವರ ತಲೆ, ಹೆಗಲುಗಳಷ್ಟೇ ಕಾಣುತ್ತವೆ. ಇಲ್ಲಿ ಜನ ಉದ್ದನೆಯ ಸೀಟುಗಳಲ್ಲಿ ಎದುರುಬದುರಾಗಿ ಕೂರುವುದರಿಂದ ನೇರವಾಗಿ ದಿಟ್ಟಿಸಿದರೆ ಇಬ್ಬರಿಗೂ ಮುಜುಗರ, ಗಾಜಿನಲ್ಲಿ ನೋಡಿದರೆ ಅವರು ತಮ್ಮ ಪಾಡಿಗೆ ತಾವಿರುತ್ತಾರೆ. ಗಾಜಿನಲ್ಲೇ ಕಣ್ಣಿಗೆ ಕಣ್ಣು ಕೂಡಿದರೆ ನೋಟ ತೆಗೆದುಬಿಡಿ.

ಒಮ್ಮೆ ಚಿಕ್ಕಪೇಟೆಯಲ್ಲಿ ಗಂಡಹೆಂಡಿರಿಬ್ಬರು ಜವಳಿ ಚೀಲಗಳೊಡನೆ ಹತ್ತಿದರು. ಆಕೆ ಒಂದು ಚೀಲವನ್ನು ಪಾದಗಳ ನಡುವೆ ಸಿಕ್ಕಿಸಿಕೊಂಡು, ಬಾಗಿಲು ತೆರೆದಾಗಲೆಲ್ಲ ಉಳಿದವನ್ನು ಮುಟ್ಟಿ ಎಣಿಸುತ್ತಿದ್ದರು. ಆತ ಅಂಗಡಿಯ ಬಿಲ್ಲನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕುವುದು, ಮತ್ತೆ ತೆಗೆದು ನೋಡುವುದು ನಡೆದೇ ಇತ್ತು. ಮಗಳ ಮದುವೆಯ ಜವಳಿ ಎಂದು ಬರೆಯಲು ನನಗೂ ಆಸೆಯಾಯಿತು. ಆದರೆ ನಾನು ಕಂಡದ್ದು ಬಿಲ್ಲನ್ನು ಮಾತ್ರ, ಅಷ್ಟನ್ನೇ ಬರೆದುಕೊಂಡೆ.

ಮುಖಕ್ಕಿಂತ ಬದಲಾವಣೆಯನ್ನು ಹಿಡಿಯುವುದು ಹೆಚ್ಚು ಉಪಯುಕ್ತ. ಮೆಜೆಸ್ಟಿಕ್ ಹತ್ತಿರವಾದಂತೆ ನಿದ್ದೆಯಲ್ಲಿದ್ದವರು ಕಣ್ಣು ಬಿಡುವ ಮೊದಲೇ ಬ್ಯಾಗಿನ ಪಟ್ಟಿ ಹಿಡಿಯುತ್ತಾರೆ. ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ದನಿ ಕೊಟ್ಟ ನಿರೂಪಕಿ ಅಪರ್ಣಾ ಅವರು 2024ರಲ್ಲಿ ತೀರಿಕೊಂಡ ದಿನಗಳಲ್ಲಿ, ವರ್ಷಗಟ್ಟಲೆ ಕಿವಿಗೆ ಬಿದ್ದರೂ ಯಾರೂ ಗಮನಿಸದಿದ್ದ ಅವರ ‘ಮುಂದಿನ ನಿಲ್ದಾಣ’ಕ್ಕೆ ಕೆಲವರು ಮೊಬೈಲಿನಿಂದ ತಲೆಯೆತ್ತಿದ್ದನ್ನು ಕಂಡೆ.

ಮೊಬೈಲಿನಲ್ಲಿ ಯಾರ ಚಿತ್ರವನ್ನೂ ತೆಗೆಯಬೇಡಿ. ಇದೇ ಮೆಟ್ರೊದಲ್ಲಿ ಹೆಂಗಸರ ವಿಡಿಯೊಗಳನ್ನು ಗುಟ್ಟಾಗಿ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದ ಪ್ರಕರಣ 2025ರಲ್ಲಿ ಪೊಲೀಸರವರೆಗೂ ಹೋಯಿತು. ಟಿಪ್ಪಣಿಯನ್ನು ಇಳಿದ ಮೇಲೆ ಪ್ಲಾಟ್‌ಫಾರಂನಲ್ಲಿ ನಿಂತು ಬರೆದುಕೊಳ್ಳಿ. ಅಷ್ಟರಲ್ಲಿ ಮರೆತುಹೋದದ್ದು ಹೋಗಲಿ. ಕೊರಳಿನ ಐಡಿ ಕಾರ್ಡಿನಲ್ಲಿ ಓದಿದ ಹೆಸರು, ಕಂಪನಿ, ದಿನವೂ ಇಳಿಯುವ ನಿಲ್ದಾಣ ಒಂದೇ ಬರಹದಲ್ಲಿ ಸೇರಿದರೆ ಆ ವ್ಯಕ್ತಿಯನ್ನು ಯಾರು ಬೇಕಾದರೂ ಗುರುತಿಸಬಹುದಾದ್ದರಿಂದ, ಅಚ್ಚಿಗೆ ಕೊಡುವ ಮುನ್ನ ಅವನ್ನೆಲ್ಲ ಬದಲಿಸಿ.

ಇಂತಿ,
ನಿಮ್ಮ ಹಿರಿಯ ಗೆಳೆಯ